ಇಟ್ಟಿಗೆ ಲೆಕ್ಕ: ಗುಂಡಿಯಿಂದ ಗೋಡೆಯವರೆಗೆ

ಮನೆ ಕಟ್ಟಿಸೋಕೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಸಾರ್, ಯಾವ ಇಟ್ಟಿಗೆ ಒಳ್ಳೇದು?" ಹಿಂದೆಲ್ಲ ಒಳ್ಳೇದು ಅಂದರೆ ಗಟ್ಟಿ ಅಂತ ಅರ್ಥ. ಈಗ ಪರಿಸರಕ್ಕೆ ಯಾವುದು ಒಳ್ಳೇದು ಅಂತಲೂ ಕೇಳುತ್ತಾರೆ. ಕೇಳುತ್ತಾರಲ್ಲ, ಅದೇ ಖುಷಿ. ಆದರೆ ಅವರಿಗೆ ಬೇಕಾಗಿರುವುದು ಒಂದೇ ಪದದ ಉತ್ತರ: ಸುಟ್ಟ ಇಟ್ಟಿಗೆಯೋ, ಸಿಮೆಂಟ್ ಬ್ಲಾಕೋ, ಆ ಬೆಳ್ಳಗಿನ ಹಗುರದ ಬ್ಲಾಕೋ. ಒಂದು ಪದದಲ್ಲಿ ಹೇಳೋಕೆ ನನ್ನಿಂದ ಆಗೋದಿಲ್ಲ. ಯಾಕೆ ಆಗೋದಿಲ್ಲ ಅನ್ನೋದೇ ಇವತ್ತು ನಿಮ್ಮೆಲ್ಲರ ಮುಂದೆ ನಾನು ಆಡುವ ಮಾತು.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಮ್ಮ ಬೆಂಗಳೂರಿನ ಕಡೆ ಸಿಗುವ, ಮೇಜಿನ ಮೇಲೆ ಅಚ್ಚಿನಲ್ಲಿ ಕುಯ್ಯುವ ಟೇಬಲ್ ಮೋಲ್ಡ್ ಇಟ್ಟಿಗೆ ಸುಮಾರು 230 ಮಿಲಿಮೀಟರ್ ಉದ್ದ, 105 ಅಗಲ, 70 ದಪ್ಪ ಇರುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಸಾಧಾರಣ ಮನೆಗೆ 20,000 ಇಟ್ಟಿಗೆ ಅಂದುಕೊಳ್ಳಿ. ಅಷ್ಟನ್ನೂ ಸಂದಿಲ್ಲದೆ ಒತ್ತಿ ಜೋಡಿಸಿದರೆ 34 ಘನ ಮೀಟರ್ ಆಗುತ್ತದೆ. ಈಗ ಅದೇ ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಅಡಿ ಆಳಕ್ಕೆ ಮಣ್ಣು ತೆಗೆಯಿರಿ. 1,200 ಘನ ಅಡಿ. ಮೀಟರಿಗೆ ತಿರುಗಿಸಿ ನೋಡಿ, ಅದೂ 34!

ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿದೆ ಅಂದುಕೊಂಡು ಎರಡು ಸಲ ಮಾಡಿದೆ. ಅಂದರೆ ನಾವು ಕಟ್ಟುವ ಒಂದೊಂದು ಮನೆಗೂ ಅದೇ ಅಳತೆಯ ಇನ್ನೊಂದು ಸೈಟು ಎಲ್ಲೋ ಒಂದು ಅಡಿ ಕೆಳಗೆ ಹೋಗಿರುತ್ತದೆ. ಹಸಿ ಇಟ್ಟಿಗೆ ಒಣಗಿ ಬೆಂದು ಸ್ವಲ್ಪ ಕುಗ್ಗುತ್ತದೆ, ಒಂದಷ್ಟು ಒಡೆಯುತ್ತದೆ, ಹಾಗಾಗಿ ನಿಜವಾಗಿ ಹೋಗುವುದು ಒಂದು ಅಡಿಗಿಂತ ಜಾಸ್ತಿಯೇ. ನಿಮ್ಮ ಸೈಟು ಬಿಡಿ, ಅದು ಇದ್ದ ಹಾಗೇ ಇರುತ್ತದೆ. ಕೆಳಗೆ ಹೋಗುವುದು ಮಾಲೂರಿನ ಕಡೆಯದೋ, ಹೊಸಕೋಟೆ ಕಡೆಯದೋ, ಆನೇಕಲ್ ಕಡೆಯದೋ ಒಂದು ಹೊಲ, ಇಲ್ಲ ಒಂದು ಕೆರೆ.

ಹೊಲವೋ ಕೆರೆಯೋ ಅನ್ನೋದರಲ್ಲಿ ದೊಡ್ಡ ವ್ಯತ್ಯಾಸ ಇದೆ. ಕೆರೆ ತಳದ ಗೋಡು ಮಣ್ಣು ಮಳೆನೀರು ನಮಗಾಗಿ ಸೋಸಿ ತಂದು ಹಾಕಿದ್ದು. ನುಣುಪಾಗಿರುತ್ತದೆ, ಜಿಗುಟು ಇರುತ್ತದೆ, ಇಟ್ಟಿಗೆ ಕುಯ್ಯೋಕೆ ಹೇಳಿ ಮಾಡಿಸಿದ ಹಾಗೆ. ಅದನ್ನು ಹದವಾಗಿ ತೆಗೆದರೆ ಕೆರೆಗೂ ಲಾಭ, ಹೂಳು ಹೋಗಿ ನೀರು ಹೆಚ್ಚು ನಿಲ್ಲುತ್ತದೆ. ನಮ್ಮ ಅಜ್ಜಂದಿರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಇದೇ ಗೋಡನ್ನು ತಂದು ಹೊಲಕ್ಕೆ ಹೊಡೆಯುತ್ತಿದ್ದರು. ಹದ ಮೀರಿ ಅಗೆದರೆ ಮಾತ್ರ ಕೆರೆ ತಳದಲ್ಲಿ ಬಾವಿಯಂಥ ಗುಂಡಿಗಳಾಗುತ್ತವೆ, ಮಕ್ಕಳು ದನ ಅದರಲ್ಲಿ ಬೀಳುತ್ತವೆ. ಇನ್ನೊಂದು ವಿಷಯ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಹರಿಯುತ್ತಿದೆ, ಕೆಸಿ ವ್ಯಾಲಿ ಅಂತ ಪೇಪರಿನಲ್ಲಿ ಓದಿರುತ್ತೀರಿ. ಆ ನೀರಿನ ಒಳ್ಳೇದು ಕೆಟ್ಟದ್ದು ಇನ್ನೊಂದು ದಿನದ ಮಾತು. ಆದರೆ ವರ್ಷವಿಡೀ ನೀರು ನಿಂತ ಕೆರೆಯಲ್ಲಿ ಗೋಡು ತೆಗೆಯೋಕೆ ಆಗಲ್ಲ, ಅಲ್ವಾ? ಆಗ ಮಣ್ಣಿನ ಲಾರಿ ಯಾವ ಕಡೆ ತಿರುಗುತ್ತದೆ ಯೋಚಿಸಿ.

ಹೊಲದ ಕಥೆ ಬೇರೆ. ಮಳೆ ಕೈಕೊಟ್ಟ ವರ್ಷ ರೈತ ಮೇಲಿನ ಮಣ್ಣನ್ನು ಮಾರುತ್ತಾನೆ. ನಾನು ಅವನನ್ನು ಬೈಯೋದಿಲ್ಲ, ರಾಗಿ ಕೊಡದ ದುಡ್ಡು ಮಣ್ಣು ಕೊಡುತ್ತದೆ. ಆದರೆ ಅವನ ಹೊಲ ಮೂರು ಅಡಿ ಕೆಳಗಿಳಿದರೆ ಪಕ್ಕದವನ ಬದು ಕುಸಿಯೋಕೆ ಶುರುವಾಗುತ್ತದೆ. ಪಕ್ಕದ ಹೊಲದ ತೇವ ಎಲ್ಲ ತಗ್ಗಿಗೆ ಬಸಿಯುತ್ತದೆ, ತಗ್ಗಿನಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ, ಎತ್ತರದಲ್ಲಿ ಒಣಗುತ್ತದೆ. ಎರಡು ವರ್ಷ ಕಳೆದ ಮೇಲೆ ಪಕ್ಕದವನೂ ಮಟ್ಟ ಮಾಡಿಸೋಣ ಅಂತ ಮಣ್ಣು ಮಾರುತ್ತಾನೆ. ಇಟ್ಟಿಗೆಯ ರೇಟಿನಲ್ಲಿ ಇದು ಎಲ್ಲೂ ಕಾಣೋದಿಲ್ಲ.

ಈಗ ಬೆಂಕಿಗೆ ಬರೋಣ, ಹೆಚ್ಚು ಜನ ಲೆಕ್ಕ ಹಾಕೋದು ಇದನ್ನೇ. ಇಟ್ಟಿಗೆ ಇಟ್ಟಿಗೆಯಾಗಬೇಕಾದರೆ ಅದು ಸುಮಾರು 900ರಿಂದ 1,000 ಡಿಗ್ರಿ ಕಾಯಬೇಕು. ಮೊದಲು ಹಸಿ ನೀರು ಆವಿಯಾಗುತ್ತದೆ. ಆಮೇಲೆ 400 ಡಿಗ್ರಿ ದಾಟಿದ ಮೇಲೆ ಜೇಡಿಯ ಕಣದೊಳಗೇ ಕಟ್ಟಿಕೊಂಡಿರುವ ನೀರು ಹೊರಬರುತ್ತದೆ. ಅಲ್ಲಿಗೆ ಅದು ಮತ್ತೆ ಮಣ್ಣಾಗಲ್ಲ, ನೀರಿಗೆ ಹಾಕಿದರೂ ಕರಗಲ್ಲ. ಕೊನೆಗೆ ಕಣಗಳ ಅಂಚು ಸ್ವಲ್ಪ ಕರಗಿ ಒಂದಕ್ಕೊಂದು ಅಂಟುತ್ತವೆ. ಆ ಅಂಟೇ ಇಟ್ಟಿಗೆಯ ಗಟ್ಟಿತನ. ಕೆಂಪು ಬಣ್ಣ ಮಣ್ಣಿನೊಳಗಿನ ಕಬ್ಬಿಣದ್ದು.

ಒಮ್ಮೆ ವಿದ್ಯಾರ್ಥಿಗಳನ್ನು ಮಾಲೂರಿನ ಕಡೆಯ ಒಂದು ಇಟ್ಟಿಗೆ ಗೂಡಿಗೆ ಕರೆದುಕೊಂಡು ಹೋಗಿದ್ದೆ. ನಾಲ್ವತ್ತು ವರ್ಷದಿಂದ ಗೂಡು ಹಾಕುತ್ತಿದ್ದ ಒಬ್ಬ ಹಿರಿಯರು ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ಬಡಿದು ತೋರಿಸಿದರು. "ಟಣ್ ಅಂದ್ರೆ ಬೆಂದೈತೆ, ಡಬ್ ಅಂದ್ರೆ ಇನ್ನೂ ಹಸಿ. ಇಷ್ಟೇ ಕಣಪ್ಪಾ ನಿಮ್ಮ ಲ್ಯಾಬು." ಹುಡುಗರು ನಕ್ಕರು. ಹಿಂದಿರುಗಿ ಬಂದು ಅವರು ಟಣ್ ಅನ್ನಿಸಿದ ಹತ್ತು ಇಟ್ಟಿಗೆಯನ್ನು ಲ್ಯಾಬಿನಲ್ಲಿ ಒತ್ತಿ ನೋಡಿದೆವು, ಹತ್ತೂ ಪಾಸು.

ಅಲ್ಲಿ ನೋಡಿದ್ದು ನಮ್ಮ ಕಡೆಯ ಸಾಮಾನ್ಯ ಗೂಡು. ಹಸಿ ಇಟ್ಟಿಗೆಯನ್ನೇ ಗುಡ್ಡದ ಹಾಗೆ ಪೇರಿಸಿ, ಕೆಳಗೆ ಸೌದೆ ತುಂಬೋಕೆ ಸುರಂಗ ಬಿಟ್ಟು, ಮೇಲೆ ಸುತ್ತ ಮಣ್ಣು ಮೆತ್ತಿ ಬೆಂಕಿ ಕೊಡುತ್ತಾರೆ. ಕಟ್ಟಡ ಇಲ್ಲ, ಚಿಮಣಿ ಇಲ್ಲ, ಬಂಡವಾಳ ಕಡಿಮೆ. ತೊಂದರೆ ಏನಪ್ಪಾ ಅಂದರೆ ಒಳಗಿನದು ಜಾಸ್ತಿ ಬೇಯುತ್ತದೆ, ಹೊರಗಿನದು ಅರೆಬೆಂದಿರುತ್ತದೆ, ಮತ್ತೆ ಇಡೀ ಗುಡ್ಡ ಕಾದ ಶಾಖ ಅಷ್ಟೂ ತಣಿಯುವಾಗ ಗಾಳಿಗೆ ಹೋಗುತ್ತದೆ. ಮಾಲೂರಿನ ಸುತ್ತ ಡೌನ್ ಡ್ರಾಫ್ಟ್ ಗೂಡುಗಳೂ ಇವೆ. ಬಿಸಿ ಮೇಲಕ್ಕೆ ಹೋಗಿ, ಕಮಾನಿನ ಚಾವಣಿಗೆ ಬಡಿದು, ಇಟ್ಟಿಗೆಗಳ ನಡುವೆ ಕೆಳಕ್ಕಿಳಿದು ಚಿಮಣಿಗೆ ಹೋಗುವ ವ್ಯವಸ್ಥೆ. ಇಟ್ಟಿಗೆ ಚೆನ್ನಾಗಿ ಬೇಯುತ್ತದೆ. ಆದರೆ ಪ್ರತಿ ಸಲವೂ ದಪ್ಪ ಗೋಡೆ, ಕಮಾನು ಎಲ್ಲವನ್ನೂ ಕಾಯಿಸಿ ಮತ್ತೆ ತಣಿಸಬೇಕು. ಅದಕ್ಕೇ ಒಂದು ಕಿಲೋ ಇಟ್ಟಿಗೆಗೆ ಹತ್ತಿರ ಹತ್ತಿರ 3 ಮೆಗಾಜೂಲ್ ಶಾಖ ತಿನ್ನುತ್ತದೆ, ಮೆಗಾಜೂಲ್ ಅಂದರೆ ಶಾಖ ಅಳೆಯುವ ಮಾಪು.

ಉತ್ತರ ಭಾರತದಲ್ಲಿ ಬೇರೆ ದಾರಿ ಹಿಡಿದರು. 1876ರಲ್ಲಿ ಬುಲ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ಒಬ್ಬ ಒಂದು ಗೂಡು ಮಾಡಿದ. ಉದ್ದನೆಯ ಸುತ್ತು ಕಾಲುವೆ, ಇಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ, ಬೆಂಕಿ ಸುತ್ತು ಹೊಡೆಯುತ್ತದೆ. ಬೆಂದ ಇಟ್ಟಿಗೆ ತಣಿಯುವಾಗ ಬಿಡುವ ಬಿಸಿಯಲ್ಲಿ ಒಳಗೆ ಬರುವ ಗಾಳಿ ಕಾಯುತ್ತದೆ, ಹೊರಗೆ ಹೋಗುವ ಹೊಗೆಯ ಬಿಸಿಯಲ್ಲಿ ಮುಂದಿನ ಹಸಿ ಇಟ್ಟಿಗೆ ಒಣಗುತ್ತದೆ. ನಮ್ಮ ಅಮ್ಮಂದಿರು ಒಲೆ ಮೇಲೆ ಅನ್ನ ಬೇಯುವಾಗ ಪಕ್ಕದ ಕೋಡೊಲೆಯಲ್ಲಿ ನೀರು ಕಾಯಿಸುತ್ತಿದ್ದರಲ್ಲ, ಅದೇ ಬುದ್ಧಿ. ಅಲ್ಲಿ ಒಂದು ಕಿಲೋಗೆ 1.2 ಮೆಗಾಜೂಲ್ ಆಸುಪಾಸು ಸಾಕು. ಗಾಳಿಯನ್ನು ಅಂಕುಡೊಂಕಾಗಿ ಓಡಿಸುವ ಜಿಗ್‌ಜಾಗ್ ಗೂಡಿನಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಇಟ್ಟಿಗೆಯೇ ಮೇಲಿಂದ ಕೆಳಕ್ಕೆ ಬೆಂಕಿಯ ಮೂಲಕ ನಿಧಾನಕ್ಕೆ ಇಳಿಯುವ, ಚೀನಾದಿಂದ ಬಂದ ವರ್ಟಿಕಲ್ ಶಾಫ್ಟ್ ಗೂಡಿನಲ್ಲಿ 1ಕ್ಕಿಂತ ಕೆಳಗೆ. ಅಂದರೆ ಅದೇ ಮಣ್ಣು, ಅದೇ ಗಟ್ಟಿತನ, ಉರುವಲಿನ ಖರ್ಚು ಮಾತ್ರ ಮೂರರಲ್ಲಿ ಒಂದು ಪಾಲು! ಹಾಗಾದರೆ ನಮ್ಮವರು ಯಾಕೆ ಬದಲಾಗಲಿಲ್ಲ ಅಂತ ಕೇಳುತ್ತೀರಿ. ಸುತ್ತು ಗೂಡಿಗೆ ಬೆಂಕಿ ಆರಬಾರದು, ತಿಂಗಳುಗಟ್ಟಲೆ ಹಸಿ ಇಟ್ಟಿಗೆ ಬರುತ್ತಲೇ ಇರಬೇಕು, ಅಷ್ಟು ಆಳು, ಅಷ್ಟು ಜಾಗ, ಅಷ್ಟು ದುಡ್ಡು ಬೇಕು. ಎರಡು ಎಕರೆಯಲ್ಲಿ ವರ್ಷಕ್ಕೆ ನಾಲ್ಕು ಗೂಡು ಹಾಕುವವನಿಗೆ ಅದೆಲ್ಲಿ ಸಾಧ್ಯ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕ ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವಂಥದ್ದು. ಅವರ ಪ್ರಕಾರ ನಮ್ಮ ಒಂದು ಇಟ್ಟಿಗೆಗೆ ಸರಾಸರಿ 4.25 ಮೆಗಾಜೂಲ್. ಸೌದೆಯಲ್ಲಿ ಹೇಳಿದರೆ ಕಾಲು ಕಿಲೋದಿಂದ 300 ಗ್ರಾಂ. 20,000 ಇಟ್ಟಿಗೆಗೆ ಐದಾರು ಟನ್ ಸೌದೆ. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಬೇಕೆಂದರೆ, 3.6 ಮೆಗಾಜೂಲ್ ಅಂದರೆ ಒಂದು ಯೂನಿಟ್. ಗೃಹಪ್ರವೇಶದ ದಿನವೇ ಗೋಡೆಯೊಳಗೆ 23,000 ಯೂನಿಟ್‌ಗಿಂತ ಜಾಸ್ತಿ ಕೂತಿರುತ್ತದೆ. ತಿಂಗಳಿಗೆ 150 ಯೂನಿಟ್ ಸುಡುವ ಮನೆಗೆ ಅದು 13 ವರ್ಷದ ಬಿಲ್ಲು. ಸೌದೆಯ ಶಾಖವನ್ನೂ ಕರೆಂಟನ್ನೂ ಹೀಗೆ ಸಮ ಮಾಡೋದು ಸರಿಯಲ್ಲ ಅಂತ ಇಲ್ಲಿ ಕೂತಿರುವ ಎಂಜಿನಿಯರುಗಳು ಗೊಣಗುತ್ತಾರೆ, ಗೊಣಗಲಿ, ಅಂದಾಜಿಗೆ ಸಾಕು. ದೆಹಲಿಯಲ್ಲಾದರೆ ಏಸಿ ಹೀಟರು ಅಂತ ಬಳಕೆಯೇ ಜಾಸ್ತಿ, ಗೋಡೆಯ ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ನಮ್ಮ ಊರಿನ ತಂಪು ಹವೆಯಲ್ಲಿ ಬಳಕೆ ಕಮ್ಮಿ, ಹಾಗಾಗಿ ಕಟ್ಟುವಾಗ ಸುಟ್ಟಿದ್ದೇ ದೊಡ್ಡದಾಗಿ ಕಾಣುತ್ತದೆ.

ಭಾಗಿಸುವಾಗ ಕೆಳಗೆ ಏನು ಬರೆಯುತ್ತೀರಿ ಅನ್ನೋದೂ ಮುಖ್ಯ. ನಮ್ಮ ಮನೆ ಕಟ್ಟಿಸುವಾಗ ಒಂದು ಲೋಡು ತರಿಸಿದ್ದೆ, 3,000. ಗೂಡಿನವರ ಹೆಸರು ಬೇಡ. ಇಳಿಸುವಾಗ ಒಡೆದದ್ದು, ನೀರಿಗೆ ಹಾಕಿದರೆ ಪುಡಿಯಾಗಿದ್ದು ಎಲ್ಲ ಸೇರಿ 400 ಹೋಯಿತು. ಹಾಗಾದರೆ ಗೋಡೆಗೆ ಸೇರಿದ ಒಂದೊಂದು ಇಟ್ಟಿಗೆಯ ತಲೆ ಮೇಲೆ 4.25ರ ಬದಲು 4.9 ಬಂತು. ಗೂಡಿನ ಹತ್ತಿರ ನಿಂತು ಅಳೆಯುವವರು ಈ 400ನ್ನು ಎಣಿಸೋದೇ ಇಲ್ಲ. ಒಡೆದದ್ದು ಪೂರ್ತಿ ವ್ಯರ್ಥವೂ ಅಲ್ಲ ಬಿಡಿ. ಹಿಂದೆ ಇಟ್ಟಿಗೆ ಜೆಲ್ಲಿಯನ್ನು ಸುಣ್ಣದ ಜೊತೆ ತಾರಸಿಗೆ ಹಾಕುತ್ತಿದ್ದರು, ಪುಡಿಯನ್ನು ಸುರ್ಕಿ ಅಂತ ಗಾರೆಗೆ ಬೆರೆಸುತ್ತಿದ್ದರು. ಈಗ ಎರಡೂ ಅಪರೂಪ.

ಇಲ್ಲಿ ಒಬ್ಬರು ಕೈ ಎತ್ತಿದರು: "ಸಾರ್, ಸೌದೆ ಸುಟ್ಟರೆ ಪರವಾಗಿಲ್ಲ ಅಂತಾರಲ್ಲ, ಮರ ಮತ್ತೆ ಬೆಳೆಯುತ್ತೆ." ಒಳ್ಳೆ ಪ್ರಶ್ನೆ. ಸೌದೆ ಅಂದರೆ ನಮ್ಮ ಕಡೆ ಹೆಚ್ಚಾಗಿ ನೀಲಗಿರಿ. ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅದು ಬೆಳೆದದ್ದು ರಾಗಿ ಹೊಲದಲ್ಲಿ, ಕುಡಿದದ್ದು ಕೋಲಾರದ ನೀರು. ಅದಕ್ಕೇ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಲ್ಲಿಸಿತು. ಇಂಗಾಲದ ಖಾತೆಯಲ್ಲಿ ಸೊನ್ನೆ ಅಂತ ಬರೆದುಕೊಂಡರೂ ನೀರಿನ ಖಾತೆಯಲ್ಲಿ ಸಾಲ ಇದ್ದೇ ಇದೆ. ಹಸಿ ಸೌದೆ ಸುಟ್ಟರಂತೂ ಒಂದಷ್ಟು ಶಾಖ ಸೌದೆ ಒಣಗೋಕೇ ಹೋದ ಹಾಗೆ, ಮೇಲೆ ಹೊಗೆ ಬೇರೆ.

ಹೊಗೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ನಿಯಮ ತಂದಿತು. ಗೂಡಿನ ಹೊಗೆಯಲ್ಲಿ ದೂಳು ಒಂದು ಘನ ಮೀಟರಿಗೆ 250 ಮಿಲಿಗ್ರಾಂ ಮೀರಬಾರದು, ಜಿಗ್‌ಜಾಗ್‌ಗೋ ವರ್ಟಿಕಲ್ ಶಾಫ್ಟ್‌ಗೋ ಬದಲಾಗಬೇಕು, ಇಲ್ಲ ಪೈಪಿನ ಗ್ಯಾಸ್ ಬಳಸಬೇಕು. ಗಾಳಿ ಕೆಟ್ಟ ಊರುಗಳ 10 ಕಿಲೋಮೀಟರ್ ಒಳಗಿನವರಿಗೆ ಒಂದು ವರ್ಷ, ಮಿಕ್ಕವರಿಗೆ ಎರಡು ವರ್ಷ ಗಡುವು ಕೊಟ್ಟಿತ್ತು. ಬೆಂಗಳೂರೂ ಆ ಕೆಟ್ಟ ಗಾಳಿಯ ಪಟ್ಟಿಯಲ್ಲಿದೆ. ಚಿಮಣಿ ಇದ್ದರೆ ಮೀಟರು ಇಡಬಹುದು. ಮೈಯೆಲ್ಲ ಹೊಗೆಯಾಡುವ ನಮ್ಮ ಗೂಡಿಗೆ ಮೀಟರು ಎಲ್ಲಿ ಹಿಡಿಯೋಣ? ಹೊಗೆ ಅಂದರೆ ಕೆಮ್ಮು ಮಾತ್ರ ಅಂದುಕೊಳ್ಳಬೇಡಿ. ಗೂಡಿನ ಹೊಗೆ ತಾಗಿದರೆ ಮಾವಿನ ಕಾಯಿಯ ತುದಿ ಕಪ್ಪಾಗುತ್ತದೆ ಅನ್ನೋದು ತೋಟಗಾರಿಕೆ ಪಾಠದಲ್ಲೇ ಇದೆ. ಮಾಲೂರು ಇರುವ ಜಿಲ್ಲೆಯಲ್ಲೇ ಮಾವಿಗೆ ಹೆಸರಾದ ಶ್ರೀನಿವಾಸಪುರವೂ ಇದೆ, ನೆನಪಿರಲಿ.

ಗೂಡಿನಲ್ಲಿ ಕೆಲಸ ಮಾಡುವವರ ಬಗ್ಗೆ ಇವತ್ತು ಮಾತಾಡೋಕೆ ಸಮಯ ಇಲ್ಲ. ಒಡಿಶಾದಿಂದ ಮುಂಗಡ ತಗೊಂಡು ಬಂದು, ಆ ಮುಂಗಡ ತೀರುವವರೆಗೆ ಕದಲೋಕಾಗದೆ ಕೂತ ಸಂಸಾರಗಳನ್ನು ನಾನೇ ನೋಡಿದ್ದೇನೆ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಮೆಗಾಜೂಲಿನಲ್ಲಿ ಅಳೆಯೋಕೆ ಬರದ ವಿಷಯ, ಹಾಗಂತ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲಿಲ್ಲ.

ಈಗ ಹೋಲಿಕೆ. ಒಂದು ಇಟ್ಟಿಗೆ, ಒಂದು ಸಾಲಿಡ್ ಸಿಮೆಂಟ್ ಬ್ಲಾಕು ಪಕ್ಕ ಪಕ್ಕ ಇಟ್ಟು ಯಾವುದು ಹಸಿರು ಅಂತ ಕೇಳುತ್ತಾರೆ. ಬ್ಲಾಕು ಎಷ್ಟು ದೊಡ್ಡದು ನೋಡಿದ್ದೀರಿ. ಇಡ್ಲಿಗೂ ಮುದ್ದೆಗೂ ಯಾವುದರಲ್ಲಿ ಜಾಸ್ತಿ ಹೊಟ್ಟೆ ತುಂಬುತ್ತೆ ಅಂತ ಒಂದೊಂದನ್ನೇ ಇಟ್ಟು ಕೇಳಿದ ಹಾಗೆ. ಹಾಗಾಗಿ ಒಂದು ಘನ ಮೀಟರ್ ಗೋಡೆ ತಗೊಳ್ಳೋಣ, ಗಾರೆ ಬಿಟ್ಟು. ಇಟ್ಟಿಗೆ ಸುಮಾರು 500 ಬೇಕು, 500ಕ್ಕೆ 4.25ರಂತೆ 2,100 ಮೆಗಾಜೂಲ್ ಚಿಲ್ಲರೆ. ಸಾಲಿಡ್ ಬ್ಲಾಕಾದರೆ ತೂಕ 2,000 ಕಿಲೋ, ಅದರಲ್ಲಿ ಶೇ 8 ಸಿಮೆಂಟ್ ಅಂದರೆ 160 ಕಿಲೋ. ಸಿಮೆಂಟಿಗೆ ಕಿಲೋಗೆ 5.85 ಮೆಗಾಜೂಲ್, ಒಟ್ಟು 940 ಹತ್ತಿರ. ಬ್ಲಾಕು ಗೆದ್ದಿತು, ಅಲ್ವಾ? ಅರ್ಧಕ್ಕಿಂತ ಕಮ್ಮಿ!

ತಾಳಿ. ಅದನ್ನೇ ಇಂಗಾಲದ ಡೈಆಕ್ಸೈಡಿನಲ್ಲಿ ಅಳೆಯಿರಿ. ಸಿಮೆಂಟಿನದು ಒಂದು ವಿಚಿತ್ರ, ಒಲೆಯ ಹೊಗೆ ಒಂದು ಕಡೆಯಾದರೆ ಸುಣ್ಣದ ಕಲ್ಲು ಕಾದಾಗ ಕಲ್ಲಿನ ಒಳಗಿನಿಂದಲೇ ಅನಿಲ ಹೊರಡುತ್ತದೆ. ಕಿಲೋ ಸಿಮೆಂಟಿಗೆ ಮುಕ್ಕಾಲು ಕಿಲೋ ದಾಟುತ್ತದೆ. ಹಾಗಾಗಿ ಬ್ಲಾಕ್ ಗೋಡೆಯದು 130-140 ಕಿಲೋ, ಕಲ್ಲಿದ್ದಲಿನಲ್ಲಿ ಸುಟ್ಟ ಇಟ್ಟಿಗೆಯದು 200. ಅಂತರ ಕಮ್ಮಿಯಾಯಿತು. ಸೌದೆ ಸುಟ್ಟಿದ್ದಕ್ಕೆ ಸೊನ್ನೆ ಹಾಕುವವರ ಲೆಕ್ಕದಲ್ಲಿ ಇಟ್ಟಿಗೆಯೇ ಗೆದ್ದುಬಿಡುತ್ತದೆ. ಮಣ್ಣಿನ ಲೆಕ್ಕ ಹಾಕಿದರೆ ಮತ್ತೆ ಸೋಲುತ್ತದೆ, ಆದರೆ ಬ್ಲಾಕಿಗೆ ಒಡೆದ ಜೆಲ್ಲಿ ಮತ್ತು ಎಂ-ಸ್ಯಾಂಡಿಗೆ (ಕಲ್ಲು ಪುಡಿ ಮಾಡಿದ ಮರಳಿಗೆ) ಕರಗುವ ಬೆಟ್ಟವನ್ನು ಆಗ ಮರೆಯಬಾರದು. ಯಾರಾದರೂ ನಿಮ್ಮ ಕೈಗೆ ಹಸಿರು ಸರ್ಟಿಫಿಕೇಟು ಕೊಟ್ಟರೆ ಮೊದಲು ನೋಡಬೇಕಾದದ್ದು ಇದನ್ನೇ: ಎಲ್ಲಿಂದ ಎಲ್ಲಿಯವರೆಗೆ ಎಣಿಸಿದ್ದಾರೆ, ಯಾವ ಅಳತೆಗೆ ಎಣಿಸಿದ್ದಾರೆ.

ಇನ್ನೊಂದು ವಿಷಯ, ನನ್ನ ಮನಸ್ಸಿಗೆ ಹತ್ತಿರದ್ದು. ಬೆಂಗಳೂರಿನಲ್ಲಿ ಈಗ ಎರಡು ಅಂತಸ್ತಿನ ಮನೆಗೂ ಕಾಲಂ, ಬೀಮ್ ನಿಲ್ಲಿಸುತ್ತಾರೆ. ಆಮೇಲೆ ಗೋಡೆ ಬರೀ ಪರದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ತಾನೇ ಭಾರ ಹೊರಬಲ್ಲದು, ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳೆಲ್ಲ ಹಾಗೇ ನಿಂತಿವೆ. ಗೋಡೆಗೆ ಭಾರ ಹೊರಿಸಿದರೆ ಕಾಲಂಗೆ ಹೋಗುವ ಕಬ್ಬಿಣ ಉಳಿಯುತ್ತದೆ, ಕಬ್ಬಿಣಕ್ಕೆ ಕಿಲೋಗೆ 42 ಮೆಗಾಜೂಲ್! ಹತ್ತು ಇಟ್ಟಿಗೆಗೆ ಸಮ. ಅದೇ ಒಂಬತ್ತಿಂಚಿನ ಗೋಡೆಯನ್ನು ಇಟ್ಟಿಗೆ ಅಡ್ಡ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ರೀತಿ ಇದೆ, ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದ್ದು. ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ. ಎಷ್ಟೇ ಒಳ್ಳೆ ಗೂಡಿನಿಂದ ಬಂದ ಇಟ್ಟಿಗೆಯೂ, ತರದೇ ಇದ್ದ ಇಟ್ಟಿಗೆಯಷ್ಟು ಹಸಿರಲ್ಲ.

ಸುಡದೇ ಮಾಡೋಕೆ ಆಗಲ್ವಾ ಅಂದರೆ, ಆಗುತ್ತದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುವಾಯಿತು. ಮಣ್ಣಿಗೆ ಶೇ 6-8 ಸಿಮೆಂಟ್ ಬೆರೆಸಿ, ಕೈ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಹಾಕಿ ಬಿಡುವ ಮಣ್ಣಿನ ಬ್ಲಾಕಿನ ಮೇಲೆ ಅಲ್ಲಿ ಬಹಳ ಕೆಲಸ ಆಗಿದೆ. ಘನ ಮೀಟರಿಗೆ 1,800 ಕಿಲೋ, ಶೇ 6 ಅಂದರೆ 108 ಕಿಲೋ ಸಿಮೆಂಟ್, 630 ಮೆಗಾಜೂಲ್. ಇಟ್ಟಿಗೆಯ ಮೂರರಲ್ಲಿ ಒಂದು ಪಾಲಿಗೂ ಕಮ್ಮಿ. ಪಾಯಕ್ಕೆ ತೆಗೆದ ನಿಮ್ಮದೇ ಕೆಂಪು ಮಣ್ಣು ಸಾಕಾಗಬಹುದು. ಕಪ್ಪು ಎರೆ ಮಣ್ಣಿಗೆ ಮಾತ್ರ ಹೀಗೇ ಮಾಡೋಕೆ ಹೋಗಬೇಡಿ, ಬಿರುಕು ಬಿಡುತ್ತದೆ. ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಕಡೆಯ ಬೂದಿ, ಅದರ ಇಟ್ಟಿಗೆಯ ಬಗ್ಗೆಯೂ ಕೇಳುತ್ತಾರೆ. ಹೊಲದ ಮಣ್ಣು ಉಳಿಯಲಿ ಅಂತಲೇ 1999ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಆದೇಶ ಹೊರಡಿಸಿತು. ಒಳ್ಳೇದೇ, ಆದರೆ ನಮಗೆ ಬೂದಿ ರಾಯಚೂರಿನಂಥ ದೂರದ ಊರಿಂದ ಬರಬೇಕು. ಸಾಗಾಟ ಅಂದ ಕೂಡಲೇ ಗಾಬರಿ ಬೇಡ. ಮಾಲೂರಿಂದ 50 ಕಿಲೋಮೀಟರ್ ತಂದರೆ ಇಟ್ಟಿಗೆಯ ಲೆಕ್ಕಕ್ಕೆ ಶೇ 4ರಷ್ಟು ಸೇರುತ್ತದೆ, ಅಷ್ಟೇ. ಲಾರಿಗಿಂತ ಒಲೆ ದೊಡ್ಡದು.

ಕೊನೆಗೆ ಒಬ್ಬ ಹೆಂಗಸರು ಕೇಳಿದರು, ತಂದೆಯ ಮನೆ ಒಡೆಸುತ್ತಿದ್ದೇವೆ, ಹಳೆ ಇಟ್ಟಿಗೆ ಏನು ಮಾಡೋದು ಅಂತ. ಅಮ್ಮಾ, ಜೆಸಿಬಿ ಕರೆಸುವ ಮೊದಲು ಗಾರೆಯನ್ನು ಉಗುರಲ್ಲಿ ಕೆರೆದು ನೋಡಿ. ಸುಣ್ಣದ ಗಾರೆಯಾದರೆ ಇಟ್ಟಿಗೆ ಇಡಿಯಾಗಿ ಬಿಡಿಸಿ ಬರುತ್ತದೆ. ನಮ್ಮ ತಂದೆಯ ಮನೆ ಹಾಗೇ ಇತ್ತು. ಜೆಸಿಬಿಯವನು ಎರಡು ದಿನ ಅಂದ, ನಾವು ಮೂರು ವಾರ ಆಳು ಇಟ್ಟು ಒಂದೊಂದಾಗಿ ಬಿಡಿಸಿದೆವು. 6,000 ಸಿಕ್ಕಿತು. ಕೂಲಿ ಲೆಕ್ಕ ಹಾಕಿದರೆ ಹೊಸ ಇಟ್ಟಿಗೆಯಷ್ಟೇ ಬಿತ್ತು, ಮನೆಯಲ್ಲಿ ಬೈಸಿಕೊಂಡೆ. ಆದರೆ ಆ 6,000ಕ್ಕೆ ಹೊಸದಾಗಿ ಮಣ್ಣೂ ಹೋಗಲಿಲ್ಲ, ಸೌದೆಯೂ ಹೋಗಲಿಲ್ಲ. ಈಗ ಅವು ನಮ್ಮ ಮಹಡಿಯ ಗೋಡೆಯಲ್ಲಿವೆ. ಗಾರೆ ಮಾತ್ರ ಸಿಮೆಂಟಿನದೇ ಹಾಕಿಸಿಬಿಟ್ಟೆ, ಸುಣ್ಣದ ಗಾರೆ ಅರೆಯೋಕೆ ಬರಲ್ಲ ಅಂದ ಮೇಸ್ತ್ರಿ, ನನಗೂ ಆಗ ಅವಸರ. ನನ್ನ ಮಗ ಒಡೆಸುವಾಗ ಅವು ಬಿಡಿಸಿ ಬರೋದಿಲ್ಲ.